ಮಂಗನ ಕಾಯಿಲೆಗೆ ಹೊಸ ಲಸಿಕೆ: ಪ್ರಯೋಗ ಹೇಗೆ ನಡೆಯುತ್ತದೆ, ಯಾಕಿಷ್ಟು ತಡ?

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಮಲೆನಾಡಿನ ವಾಟ್ಸಾಪ್ ಗುಂಪುಗಳಲ್ಲಿ ಪ್ರತಿವರ್ಷ ಒಂದೇ ಬಗೆಯ ಸಂದೇಶಗಳು ಓಡಾಡುತ್ತವೆ. "ಮಂಗನ ಕಾಯಿಲೆಗೆ ಲಸಿಕೆ ಬಂದಿದೆ, ಆದರೆ ಕೊಡುತ್ತಿಲ್ಲ" ಎನ್ನುವುದು ಒಂದು. "ಹೊಸ ಲಸಿಕೆಯನ್ನು ನಮ್ಮ ಹಳ್ಳಿಯವರ ಮೇಲೆ ಪ್ರಯೋಗ ಮಾಡುತ್ತಾರಂತೆ, ಯಾರೂ ಕೈ ಚಾಚಬೇಡಿ" ಎನ್ನುವುದು ಇನ್ನೊಂದು. ಮೂರನೆಯದು, "ಹಳೇ ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬಂದಿತ್ತು, ಲಸಿಕೆ ಎಲ್ಲಾ ಸುಳ್ಳು." ಮೂರರಲ್ಲೂ ಒಂದೊಂದು ಚೂರು ನಿಜ ಇದೆ. ಅದಕ್ಕೇ ಇವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಲು ಆಗುವುದಿಲ್ಲ.

ಮೊದಲು ವಸ್ತುಸ್ಥಿತಿ. 1990ರಿಂದ ಬಳಕೆಯಲ್ಲಿದ್ದ ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿಯ ಜೊತೆ ಸೇರಿ ಹೊಸ ಲಸಿಕೆ ತಯಾರಿಸುತ್ತಿದೆ. ಪ್ರಾಣಿಗಳ ಮೇಲಿನ ಪರೀಕ್ಷೆಗಳ ನಂತರ ಈಗ ಮನುಷ್ಯರ ಮೇಲಿನ ಹಂತ ಹಂತದ ಪ್ರಯೋಗದ ಸರದಿ. ಈ ಪ್ರಯೋಗ ಏನನ್ನು ಕೇಳುತ್ತದೆ, ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎನ್ನುವುದೇ ಈ ಲೇಖನದ ವಿಷಯ.

ಕಾಯಿಲೆ ಮಂಗನದ್ದಲ್ಲ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲ ಹಳ್ಳಿಗಳಲ್ಲಿ ಜನರಿಗೂ ವಿಚಿತ್ರ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರಕ್ತ, ಉಣುಗು, ಸತ್ತ ಮಂಗಗಳ ಮಾದರಿ ಒಯ್ದು ಹೊಸದೊಂದು ವೈರಸನ್ನು ಪತ್ತೆ ಮಾಡಿದರು. ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್ಐವಿ. ಕಾಡಿನ ಹೆಸರೇ ಕಾಯಿಲೆಗೆ ಬಂತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ. ಜನರ ಬಾಯಲ್ಲಿ ಮಂಗನ ಕಾಯಿಲೆ.

ಈ ಹೆಸರಿನಿಂದ ಮಂಗಕ್ಕೆ ಅನ್ಯಾಯವಾಗಿದೆ. ಮಂಗವೂ ನಮ್ಮ ಹಾಗೆ ರೋಗಿ, ಬಹುಪಾಲು ನಮಗಿಂತ ಮೊದಲೇ ಸಾಯುವ ರೋಗಿ. ವೈರಸ್ಸನ್ನು ಹೊತ್ತು ತಿರುಗುವುದು ಉಣುಗು, ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯದು. ಎಳ್ಳಿನ ಕಾಳಿಗಿಂತ ಚಿಕ್ಕದಾದ ಅದರ ಮರಿಗಳು ತರಗೆಲೆಯ ನಡುವೆ ಇದ್ದು ಹಾದುಹೋಗುವ ಪ್ರಾಣಿಗೋ ಮನುಷ್ಯನಿಗೋ ಅಂಟಿಕೊಳ್ಳುತ್ತವೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಕೆಳಗಿಳಿಯುತ್ತದೆ, ಆ ಜಾಗ ಸೋಂಕಿನ ತಾಣವಾಗುತ್ತದೆ. ಸತ್ತ ಮಂಗಕ್ಕೆ ಭಕ್ತಿಯಿಂದ ಸಂಸ್ಕಾರ ಮಾಡುವ ನಮ್ಮ ಊರುಗಳಲ್ಲಿ ಇದನ್ನು ಒತ್ತಿ ಹೇಳಬೇಕು: ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ರೋಗಿಯ ಮನೆಯವರನ್ನು ದೂರ ಇಡುವುದರಲ್ಲಿ ಅರ್ಥವಿಲ್ಲ.

ವರ್ಷಕ್ಕೆ ಸರಾಸರಿ 400ರಿಂದ 500 ಜನರಿಗೆ ತಗಲುತ್ತದೆ, ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ನವೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. ಒಂದು ಕಾಲಕ್ಕೆ ಶಿವಮೊಗ್ಗದ ಸುತ್ತ ಮಾತ್ರ ಇದ್ದದ್ದು ಈಗ ಉತ್ತರ ಕನ್ನಡ, ಚಿಕ್ಕಮಗಳೂರು, ಚಾಮರಾಜನಗರದ ಕಡೆಗೂ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಹಬ್ಬಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಂಭವಿಸಿದ ಸಾವುಗಳನ್ನು ಅಲ್ಲಿನವರು ಇನ್ನೂ ಮರೆತಿಲ್ಲ.

ಹಳೆಯ ಲಸಿಕೆ "ಸುಳ್ಳು" ಆಗಿತ್ತೇ?

ಇಲ್ಲ. ಆದರೆ ಸಾಕಾಗುವಷ್ಟು ಒಳ್ಳೆಯದೂ ಆಗಿರಲಿಲ್ಲ.

ಅದಕ್ಕೂ ಮೊದಲು ಇನ್ನೊಂದು ಪ್ರಯತ್ನ ನಡೆದಿತ್ತು. ಈ ವೈರಸ್ಸು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳಿನ ಜ್ವರದ ವೈರಸ್ಸಿನ ಸಂಬಂಧಿ ಎಂದು ಗೊತ್ತಾದಾಗ, ಆ ರೋಗದ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದರು. ಕೆಲಸ ಮಾಡಲಿಲ್ಲ. (ವಲಸೆ ಹಕ್ಕಿಗಳು ಸೈಬೀರಿಯಾದಿಂದ ಇದನ್ನು ತಂದವೇ ಎಂಬ ಪ್ರಶ್ನೆಯೂ ಆಗ ಎದ್ದು, ಸಲೀಂ ಅಲಿ ಅವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನವೇ ನಡೆಯಿತು. ಅದೊಂದು ಬೇರೆಯೇ ಕಥೆ.) ಹತ್ತಿರದ ನೆಂಟ ಎಂದ ಮಾತ್ರಕ್ಕೆ ಒಂದರ ಲಸಿಕೆ ಇನ್ನೊಂದಕ್ಕೆ ಆಗುವುದಿಲ್ಲ ಎಂಬ ಪಾಠ ಅಲ್ಲಿ ಸಿಕ್ಕಿತು.

ನಂತರ ಬಂದದ್ದು ಕೆಎಫ್‌ಡಿ ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಬೂಸ್ಟರ್. ಚುಚ್ಚಿದ ಜಾಗ ಚೆನ್ನಾಗಿಯೇ ನೋಯುತ್ತಿತ್ತು. ಮಾರನೇ ದಿನ ಕೂಲಿಗೆ ಹೋಗಬೇಕಾದವರು ಎರಡನೇ ಡೋಸಿಗೇ ಬಾರದಿದ್ದರೆ ಅದನ್ನು ಅಜ್ಞಾನ ಎನ್ನುವುದು ಸರಿಯಲ್ಲ. ನೋವು ಅವರಿಗೆ ಕಂಡಿತ್ತು, ಪ್ರಯೋಜನ ಕಂಡಿರಲಿಲ್ಲ.

ಪರಿಣಾಮದ ಅಂಕಿ-ಅಂಶ ನೋಡಿ. 1990ರ ದಶಕದ ಆರಂಭದ ಅಧ್ಯಯನ ಎರಡು ಡೋಸಿಗೆ ಶೇ. 93.5ರಷ್ಟು ರಕ್ಷಣೆ ಎಂದಿತ್ತು. 2013ರಲ್ಲಿ ಪ್ರಕಟವಾದ, ಶಿವಮೊಗ್ಗದಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ ಅದು ಶೇ. 62.4ಕ್ಕೆ ಇಳಿದಿತ್ತು. ಎರಡು ಡೋಸಿನ ಮೇಲೆ ಬೂಸ್ಟರನ್ನೂ ಪಡೆದವರಲ್ಲಿ ಶೇ. 82.9. ಒಂದೇ ಡೋಸ್ ಪಡೆದವರಲ್ಲಿ ಹೇಳಿಕೊಳ್ಳುವಂಥ ರಕ್ಷಣೆ ಕಾಣಲಿಲ್ಲ.

ಶೇ. 62.4 ಎಂದರೆ ಲಸಿಕೆ ಪಡೆದ ನೂರು ಜನರಲ್ಲಿ 38 ಮಂದಿಗೆ ಕಾಯಿಲೆ ಬರುತ್ತದೆ ಎಂದಲ್ಲ. ಈ ತಪ್ಪು ಓದು ತುಂಬಾ ಸಾಮಾನ್ಯ, ಪತ್ರಿಕೆಗಳಲ್ಲೂ ಕಂಡಿದ್ದೇನೆ. ಲಸಿಕೆ ಪಡೆಯದ ಒಂದು ಸಾವಿರ ಜನರಲ್ಲಿ ಹತ್ತು ಮಂದಿಗೆ ಕಾಯಿಲೆ ಬಂತು ಎಂದುಕೊಳ್ಳಿ. ಅದೇ ಪರಿಸ್ಥಿತಿಯಲ್ಲಿ ಎರಡು ಡೋಸ್ ಪಡೆದ ಸಾವಿರ ಜನರಲ್ಲಿ ಸುಮಾರು ನಾಲ್ಕು, ಬೂಸ್ಟರನ್ನೂ ಪಡೆದ ಸಾವಿರದಲ್ಲಿ ಸುಮಾರು ಎರಡು. ಆ ನಾಲ್ವರು, ಇಬ್ಬರು ನಿಜವಾದ ಮನುಷ್ಯರು, ಊರಿನಲ್ಲಿ ಎಲ್ಲರಿಗೂ ಗೊತ್ತಿರುವವರು. "ಲಸಿಕೆ ಹಾಕಿಸಿಕೊಂಡರೂ ಬಂತು" ಎಂಬ ಮಾತು ಹುಟ್ಟುವುದು ಅಲ್ಲಿಂದ. ಕಾಯಿಲೆ ಬಾರದೆ ಉಳಿದ ಆರು ಮಂದಿ ಯಾರೆಂದು ಯಾರಿಗೂ, ಸ್ವತಃ ಅವರಿಗೂ, ಗೊತ್ತಾಗುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. 2013ರ ಅಧ್ಯಯನ ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ, ಈಗಾಗಲೇ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದ್ದು. ಮೂರೂ ಸಲ ತಪ್ಪದೆ ಬಂದು ಚುಚ್ಚಿಸಿಕೊಂಡವರು ಕಾಡಿಗೆ ಹೋಗುವಾಗ ಎಣ್ಣೆ ಹಚ್ಚಿಕೊಳ್ಳುವುದರಲ್ಲೂ ಹೆಚ್ಚು ಎಚ್ಚರ ವಹಿಸಿರಬಹುದು. ಹಾಗಾಗಿ ಶೇ. 82.9ರಲ್ಲಿ ಲಸಿಕೆಯ ಪಾಲೆಷ್ಟು, ಎಚ್ಚರದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಲಸಿಕೆ ಕೊನೆಗೆ ನಿಂತದ್ದು ಗುಣಮಟ್ಟದ ಕಾರಣಕ್ಕೆ. ಪ್ರತಿ ಬ್ಯಾಚಿನ ಶಕ್ತಿಯನ್ನು ಪ್ರಾಣಿಗಳಲ್ಲಿ ಪರೀಕ್ಷಿಸಬೇಕು, ಆ ಪರೀಕ್ಷೆಯಲ್ಲಿ ಅದು ಸೋಲುತ್ತಿತ್ತು. ನಿಲ್ಲಿಸಿದ್ದು ಸರಿಯೇ. ಬದಲಿಯ ವ್ಯವಸ್ಥೆ ಮಾಡದೆ ಅಷ್ಟು ವರ್ಷ ಕಾದದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. 2024ರ ಆರಂಭದಲ್ಲಿ ಮಲೆನಾಡಿನಲ್ಲಿ ಮತ್ತೆ ಸಾವುಗಳಾದಾಗ ಜನ ಕೇಳಿದ್ದೂ ಇದನ್ನೇ.

ಹೊಸ ಲಸಿಕೆಯ ಪ್ರಯೋಗ

ಹೊಸದೂ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆಯೇ. ಆದರೆ ದೇಹದ ಪ್ರತಿಕ್ರಿಯೆಯನ್ನು ಚುರುಕುಗೊಳಿಸುವ ಸಹಾಯಕ ವಸ್ತುವನ್ನು ಇದಕ್ಕೆ ಬೆರೆಸುತ್ತಾರೆ, 28 ದಿನಗಳ ಅಂತರದಲ್ಲಿ ಎರಡು ಡೋಸ್.

ಮೊದಲ ಹಂತದಲ್ಲಿ ಸಾಮಾನ್ಯವಾಗಿ ಕೆಲವೇ ಹತ್ತಾರು ಮಂದಿ ಆರೋಗ್ಯವಂತ ವಯಸ್ಕರು ಇರುತ್ತಾರೆ. ಅಲ್ಲಿ ಕೇಳುವ ಪ್ರಶ್ನೆ, ಸುರಕ್ಷಿತವೇ? ಚುಚ್ಚಿದ ನಂತರ ಜ್ವರ, ಊತ, ರಕ್ತದ ಪರೀಕ್ಷೆ, ಎಲ್ಲದರ ದಾಖಲೆ. ಈ ಹಂತಕ್ಕೆ ಕಾಯಿಲೆ ಇರುವ ಹಳ್ಳಿಯವರೇ ಬೇಕೆಂದಿಲ್ಲ. ಹಿಂದೆಂದೂ ಈ ವೈರಸ್ಸಿಗೆ ಒಡ್ಡಿಕೊಳ್ಳದವರಾದರೆ ಫಲಿತಾಂಶ ಓದುವುದು ಇನ್ನೂ ಸುಲಭ. ಎರಡನೇ ಹಂತದಲ್ಲಿ ಜನ ಹೆಚ್ಚು, ಡೋಸಿನ ಪ್ರಮಾಣ ಮತ್ತು ಅಂತರ ನಿರ್ಧಾರವಾಗುತ್ತದೆ, ಪ್ರತಿಕಾಯಗಳು ಎಷ್ಟು ಹುಟ್ಟಿದವು ಎಂದು ಅಳೆಯುತ್ತಾರೆ.

"ಲಸಿಕೆ ಕೊಟ್ಟು ಆಮೇಲೆ ವೈರಸ್ ಚುಚ್ಚಿ ನೋಡುತ್ತಾರೆ" ಎಂಬ ಭಯವನ್ನು ಹಲವರು ಹೇಳುತ್ತಾರೆ. ಅಂಥ ಪ್ರಯೋಗಗಳು ಜಗತ್ತಿನಲ್ಲಿ ಇಲ್ಲವೆಂದಲ್ಲ. ಮಲೇರಿಯಾ, ಟೈಫಾಯ್ಡ್‌ಗಳಲ್ಲಿ ಸ್ವಯಂಸೇವಕರಿಗೆ ಗೊತ್ತಿದ್ದೇ ಸೋಂಕು ಕೊಟ್ಟು ಅಧ್ಯಯನ ಮಾಡಿದ್ದಾರೆ, ಯಾಕೆಂದರೆ ಆ ಎರಡಕ್ಕೂ ಖಚಿತ ಔಷಧಿ ಇದೆ. ಕೆಎಫ್‌ಡಿಗೆ ಇಲ್ಲ. ಹಾಗಾಗಿ ಇಲ್ಲಿ ಅದು ನೈತಿಕವಾಗಿ ಸಾಧ್ಯವೇ ಇಲ್ಲ.

"ನಿಷ್ಕ್ರಿಯ ವೈರಸ್ಸಿನಿಂದ ಕಾಯಿಲೆ ಬರಬಹುದೇ?" ಸರಿಯಾಗಿ ನಿಷ್ಕ್ರಿಯಗೊಳಿಸಿದ್ದರೆ ಬಾರದು. "ಸರಿಯಾಗಿ" ಎಂಬ ಪದಕ್ಕೆ ತೂಕವಿದೆ. 1955ರಲ್ಲಿ ಅಮೆರಿಕದ ಒಂದು ಕಂಪನಿಯ ಪೋಲಿಯೊ ಲಸಿಕೆಯ ಕೆಲವು ಬ್ಯಾಚುಗಳಲ್ಲಿ ಜೀವಂತ ವೈರಸ್ ಉಳಿದು, ಸುಮಾರು 200 ಮಂದಿಗೆ ಪಾರ್ಶ್ವವಾಯು ಆಗಿ 10 ಮಂದಿ ಸತ್ತರು. ಇಂದು ಪ್ರತಿ ಬ್ಯಾಚಿನಲ್ಲೂ ಜೀವಂತ ವೈರಸ್ ಉಳಿದಿಲ್ಲ ಎಂದು ಖಾತ್ರಿಪಡಿಸಿಕೊಳ್ಳುವ ಕಡ್ಡಾಯ ನಿಯಮಗಳು ಅಂಥ ಘಟನೆಗಳಿಂದ ಬಿಗಿಯಾದವು.

ಮೂರನೇ ಹಂತದ ಕಗ್ಗಂಟು

ನಿಜವಾದ ತೊಂದರೆ ಇರುವುದು ಮೂರನೇ ಹಂತದಲ್ಲಿ, ಲಸಿಕೆ ಕಾಯಿಲೆಯನ್ನು ತಡೆಯುತ್ತದೆಯೇ ಎಂದು ತೋರಿಸುವಲ್ಲಿ. ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ಸೀಸನ್ನಿನಲ್ಲಿ ಸಾವಿರ ಜನರಲ್ಲಿ ಒಬ್ಬರಿಗೆ ಕಾಯಿಲೆ ಬರುವ ಪ್ರದೇಶ ಎಂದಿಟ್ಟುಕೊಳ್ಳಿ. ಅಲ್ಲಿ 2,000 ಜನರನ್ನು ಸೇರಿಸಿ ಅರ್ಧದಷ್ಟು ಮಂದಿಗೆ ಲಸಿಕೆ, ಅರ್ಧಕ್ಕೆ ಬೇರೆ ಚುಚ್ಚುಮದ್ದು ಕೊಟ್ಟರೆ, ಲಸಿಕೆ ಪಡೆಯದ ಗುಂಪಿನಲ್ಲಿ ಒಬ್ಬ ರೋಗಿ ಸಿಗಬಹುದು. ಇನ್ನೊಂದು ಗುಂಪಿನಲ್ಲಿ ಸೊನ್ನೆ. ಒಂದು ಮತ್ತು ಸೊನ್ನೆಯ ನಡುವಿನ ವ್ಯತ್ಯಾಸ ಬರೀ ಅದೃಷ್ಟವೂ ಆಗಿರಬಹುದು. 80,000 ಜನರನ್ನು ಸೇರಿಸಿದರೆ ಮಾತ್ರ ಒಂದು ಕಡೆ ಸುಮಾರು 40 ರೋಗಿಗಳು, ಲಸಿಕೆ ಶೇ. 60ರಷ್ಟು ಪರಿಣಾಮಕಾರಿಯಾಗಿದ್ದರೆ ಇನ್ನೊಂದು ಕಡೆ 16. ಆಗ ನಂಬಿಕೆಯಿಂದ ಏನಾದರೂ ಹೇಳಬಹುದು. ಆದರೆ ಉಣುಗು ನಮ್ಮ ಯೋಜನೆಯ ಪ್ರಕಾರ ನಡೆಯುವುದಿಲ್ಲ. ಈ ವರ್ಷ ಸಾಗರದಲ್ಲಿ ಜೋರು, ಮುಂದಿನ ವರ್ಷ ಸಿದ್ದಾಪುರದಲ್ಲಿ, ಆಮೇಲೆ ತೀರ್ಥಹಳ್ಳಿಯಲ್ಲೋ ಕೊಪ್ಪದಲ್ಲೋ. ಪ್ರಯೋಗ ಹೂಡಿದ ಜಾಗದಲ್ಲಿ ಆ ವರ್ಷ ಕಾಯಿಲೆಯೇ ಬಾರದಿರಬಹುದು. ಊರಿನವರಿಗೆ ಅದು ಸಂತೋಷ, ಪ್ರಯೋಗಕ್ಕೆ ನಷ್ಟ.

ಹಾಗಾದರೆ ಬೇರೆ ದಾರಿ? ಒಂದು, ಪ್ರತಿಕಾಯಗಳನ್ನೇ ಸಾಕ್ಷಿಯಾಗಿ ಒಪ್ಪುವುದು. ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆಗಳ ವಿಷಯದಲ್ಲಿ ಇದು ನಡೆದಿದೆ. ರಕ್ತದಲ್ಲಿ ವೈರಸ್ಸನ್ನು ಕಟ್ಟಿಹಾಕುವ ಪ್ರತಿಕಾಯ ಒಂದು ಮಟ್ಟ ದಾಟಿದರೆ ರಕ್ಷಣೆ ಇದೆ ಎಂದು ಒಪ್ಪಿ, ಅದರ ಆಧಾರದ ಮೇಲೆ ಅನುಮತಿ ಕೊಟ್ಟರು. (ಭಾರತದಲ್ಲಿ 2013ರಲ್ಲಿ ಪರವಾನಗಿ ಪಡೆದ ಜೆನ್‌ವ್ಯಾಕ್ ಎಂಬ ಲಸಿಕೆಗೆ ಬಳಸಿದ ವೈರಸ್ ಸಿಕ್ಕಿದ್ದು ನಮ್ಮ ಕೋಲಾರದಲ್ಲೇ.) ಕೆಎಫ್‌ಡಿಗೆ ಆ "ಮಟ್ಟ" ಎಷ್ಟು ಎಂದು ನಿರ್ಧರಿಸಲು ಪ್ರಾಣಿಗಳ ಮೇಲಿನ ಅಧ್ಯಯನ ಬೇಕು. ಜೊತೆಗೆ ಡೆಂಗ್ಯೂ, ಜಪಾನೀಸ್ ಎನ್ಸೆಫಲೈಟಿಸ್, ಕೆಎಫ್‌ಡಿ ಮೂರೂ ಒಂದೇ ಕುಟುಂಬದ ವೈರಸ್‌ಗಳಾದ್ದರಿಂದ ಸಾಮಾನ್ಯ ರಕ್ತಪರೀಕ್ಷೆ ಒಂದನ್ನು ಇನ್ನೊಂದೆಂದು ತಪ್ಪಾಗಿ ತೋರಿಸುವ ಸಾಧ್ಯತೆಯಿದೆ. ಜೀವಂತ ವೈರಸ್ ಬಳಸಿ ಮಾಡುವ, ಬಿಗಿ ಭದ್ರತೆಯ ಪ್ರಯೋಗಾಲಯದಲ್ಲೇ ನಡೆಯಬೇಕಾದ ಪರೀಕ್ಷೆ ಬೇಕಾಗುತ್ತದೆ. ಈ ವೈರಸ್ ಹಿಂದೆ ಪ್ರಯೋಗಾಲಯದ ಸಿಬ್ಬಂದಿಗೂ ತಗುಲಿದ್ದುಂಟು.

ಪ್ರತಿಕಾಯದ ಆಧಾರದ ಮೇಲೆ ಬೇಗ ಕೊಟ್ಟ ಅನುಮತಿಗೆ ಇನ್ನೊಂದು ಮುಖವೂ ಇದೆ. ಚಿಕುನ್‌ಗುನ್ಯಾದ ಮೊದಲ ಲಸಿಕೆಗೆ ಅಮೆರಿಕದಲ್ಲಿ 2023ರಲ್ಲಿ ಹೀಗೇ ಅನುಮತಿ ಸಿಕ್ಕಿತು, ಗಂಭೀರ ಅಡ್ಡಪರಿಣಾಮಗಳು ವರದಿಯಾಗಿ 2025ರಲ್ಲಿ ಅಲ್ಲಿಯೇ ಪರವಾನಗಿ ಅಮಾನತಾಯಿತು. ಅದು ಜೀವಂತ, ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆ, ನಮ್ಮದು ಆ ಬಗೆಯದಲ್ಲ. ಆದರೂ ಅನುಮತಿ ಸಿಕ್ಕ ನಂತರ ವರ್ಷಗಟ್ಟಲೆ ಕಣ್ಣಿಡುವ ಕೆಲಸವನ್ನು ಬಿಡುವಂತಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಡೆಂಗ್ಯೂ ಲಸಿಕೆಯನ್ನು 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟ ಮೇಲೆ, ಹಿಂದೆ ಡೆಂಗ್ಯೂ ಬಂದಿರದ ಮಕ್ಕಳಲ್ಲಿ ಅದು ಮುಂದಿನ ಸೋಂಕನ್ನು ಇನ್ನಷ್ಟು ತೀವ್ರಗೊಳಿಸಬಹುದು ಎಂದು 2017ರಲ್ಲಿ ತಿಳಿಯಿತು. ಅಲ್ಲಿ ಜನ ಎಲ್ಲಾ ಲಸಿಕೆಗಳ ಮೇಲೂ ವಿಶ್ವಾಸ ಕಳೆದುಕೊಂಡರು.

ಎರಡನೇ ದಾರಿ, ಎಲ್ಲಾ ಊರಿಗೂ ಲಸಿಕೆ ಕೊಡುವುದು, ಆದರೆ ಯಾವ ಊರಿಗೆ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು. ಮೊದಲು ಪಡೆದ ಊರುಗಳನ್ನೂ ಇನ್ನೂ ಸರದಿ ಬಾರದ ಊರುಗಳನ್ನೂ ಹೋಲಿಸಿದರೆ ಉತ್ತರ ಸಿಗುತ್ತದೆ, ಯಾರಿಗೂ ಲಸಿಕೆ ತಪ್ಪುವುದಿಲ್ಲ. ನನಗೆ ಮಲೆನಾಡಿಗೆ ಹೊಂದುವುದು ಇದೇ ಎನಿಸುತ್ತದೆ. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಲಸಿಕೆಯನ್ನು ರೋಗಿಯ ಸುತ್ತಲಿನವರಿಗೆ ಕೆಲವು ಕಡೆ ತಕ್ಷಣ, ಕೆಲವು ಕಡೆ ಮೂರು ವಾರದ ನಂತರ ಕೊಟ್ಟು ಇದೇ ತತ್ತ್ವದ ಮೇಲೆ ಪರಿಣಾಮ ತೋರಿಸಿದರು.

ಮೂರನೆಯದು, ಜ್ವರ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರನ್ನೆಲ್ಲ ಪರೀಕ್ಷಿಸಿ, ಕೆಎಫ್‌ಡಿ ಇದ್ದವರಲ್ಲಿ ಮತ್ತು ಇಲ್ಲದವರಲ್ಲಿ ಲಸಿಕೆ ಪಡೆದವರ ಪಾಲು ಎಷ್ಟೆಷ್ಟು ಎಂದು ಹೋಲಿಸುವುದು. ಇದಕ್ಕೆ ಪ್ರಯೋಗ ಬೇಡ, ಶಿಸ್ತಿನ ದಾಖಲೆ ಸಾಕು. ಇದೇ ವೈರಸ್ಸಿನ ಯುರೋಪಿನ ನೆಂಟನಿಗೆ ಆಸ್ಟ್ರಿಯಾದಲ್ಲಿ 1980ರ ದಶಕದಿಂದ ಸಾಮೂಹಿಕವಾಗಿ ಲಸಿಕೆ ಕೊಡುತ್ತಿದ್ದಾರೆ. ಅದು ಶೇ. 95ಕ್ಕೂ ಹೆಚ್ಚು ಪರಿಣಾಮಕಾರಿ ಎಂದು ತಿಳಿದದ್ದು ಹೀಗೆ ವರ್ಷಗಟ್ಟಲೆ ರೋಗಿಗಳನ್ನು ಎಣಿಸಿಯೇ. ಉಣುಗಿನಿಂದ ಬರುವ ರೋಗಕ್ಕೆ ಒಳ್ಳೆಯ ಲಸಿಕೆ ಸಾಧ್ಯ ಎನ್ನುವುದಕ್ಕೆ ಅದೇ ದೊಡ್ಡ ಸಾಕ್ಷಿ.

ಔಷಧಿಯ ಕಥೆ ಇನ್ನೂ ಹಿಂದೆ

ಈಗಿರುವುದು ಬೆಂಬಲ ಚಿಕಿತ್ಸೆ ಮಾತ್ರ: ದ್ರವಾಂಶ ಕಾಪಾಡುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಜ್ವರಕ್ಕೆ ಪ್ಯಾರಾಸಿಟಮಾಲ್. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಿಸಬಹುದು. ಕೆಲವರಲ್ಲಿ ಜ್ವರ ಬಿಟ್ಟು, ಒಂದೆರಡು ವಾರದ ನಂತರ ತಲೆನೋವು, ಗೊಂದಲ, ನಡುಕದೊಂದಿಗೆ ಮತ್ತೆ ಮರುಕಳಿಸುತ್ತದೆ. "ಜ್ವರ ಬಿಡ್ತು" ಎಂದು ಮನೆಗೆ ಬಂದವರ ಮೇಲೂ ಗಮನ ಇರಲಿ.

ವೈರಸ್ ವಿರುದ್ಧದ ಔಷಧಿಗಳು ಪ್ರಯೋಗಾಲಯದ ತಟ್ಟೆಯಲ್ಲಿ ಕೆಲಸ ಮಾಡುವುದು ಒಂದು, ರೋಗಿಯಲ್ಲಿ ಕೆಲಸ ಮಾಡುವುದು ಇನ್ನೊಂದು. ಜ್ವರದ ಮೊದಲ ಕೆಲವು ದಿನಗಳಲ್ಲಿ ವೈರಸ್ ರಕ್ತದಲ್ಲಿ ಹೇರಳವಾಗಿರುವಾಗಲೇ ಔಷಧಿ ಸೇರಬೇಕು. ಅಷ್ಟರಲ್ಲಿ ರೋಗ ಪತ್ತೆಯೇ ಆಗಿರುವುದಿಲ್ಲ. ವರ್ಷಕ್ಕೆ ಕೋಟಿಗಟ್ಟಲೆ ಜನರಿಗೆ ತಗಲುವ ಡೆಂಗ್ಯೂವಿಗೇ ಒಂದು ಮಾತ್ರೆ ಎರಡನೇ ಹಂತದವರೆಗೆ ಬಂದು, 2024ರಲ್ಲಿ ಕಂಪನಿ ತನ್ನ ಆದ್ಯತೆ ಬದಲಿಸಿದ್ದರಿಂದ ನಿಂತಿತು. 500 ರೋಗಿಗಳ ಕಾಯಿಲೆಗೆ ಮಾರುಕಟ್ಟೆ ತಾನಾಗಿ ಬರುವುದಿಲ್ಲ, ಸರ್ಕಾರದ ಹಣವೇ ಬೇಕು.

ಪ್ರಯೋಗಕ್ಕೆ ಕರೆದರೆ ಏನು ಕೇಳಬೇಕು?

2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಪ್ರಯೋಗ ಶುರು ಮಾಡುವಂತಿಲ್ಲ. ಆ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ವ್ಯಕ್ತಿಯೂ, ಕಾನೂನು ತಿಳಿದವರೂ ಇರಲೇಬೇಕು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಸಹಿ ಮಾಡಿದ ಮೇಲೂ ಯಾವ ಕಾರಣ ಕೊಡದೆ ಹಿಂದೆ ಸರಿಯಬಹುದು, ಅದರಿಂದ ನಿಮಗೆ ಸಿಗುವ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರದ ಹೊಣೆ ಪ್ರಾಯೋಜಕರದ್ದು. ಪ್ರಯೋಗ ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿಯಾಗಿರಬೇಕು, ಯಾರು ಬೇಕಾದರೂ ಹುಡುಕಿ ನೋಡಬಹುದು. ನೋಂದಣಿ ಸಂಖ್ಯೆ ಕೇಳಿ. ಸಂಖ್ಯೆ ಹೇಳಲು ತಡವರಿಸಿದರೆ ಎದ್ದು ಬನ್ನಿ.

ಇನ್ನೂ ಒಂದು ಪ್ರಶ್ನೆ ಕೇಳಬೇಕು, ಇದನ್ನು ಜನ ಕೇಳುವುದು ಕಡಿಮೆ: ಪ್ರಯೋಗ ಮುಗಿದು ಲಸಿಕೆ ಯಶಸ್ವಿಯಾದರೆ, ಬೇರೆ ಚುಚ್ಚುಮದ್ದು ಪಡೆದ ಗುಂಪಿಗೆ ಮತ್ತು ನಮ್ಮ ಊರಿಗೆ ಅದು ಯಾವಾಗ ಸಿಗುತ್ತದೆ? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಅಲ್ಲಿಯವರೆಗೆ ಮಾಡಬೇಕಾದ್ದು ಹಳೆಯದೇ. ಕಾಡಿಗೆ, ಬೆಟ್ಟಕ್ಕೆ, ತೋಟದಂಚಿಗೆ ಹೋಗುವ ಮುನ್ನ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳುವುದು. ಇದು ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು, ಕಾಯಿಲೆ ಇರುವ ಭಾಗಗಳಲ್ಲಿ ಆರೋಗ್ಯ ಇಲಾಖೆ ಹಂಚುತ್ತದೆ. ಬೇವಿನೆಣ್ಣೆಯನ್ನು ಇದರ ಬದಲಿ ಎಂದು ನೆಚ್ಚಬೇಡಿ. ಮೈ ಮುಚ್ಚುವ ಬಟ್ಟೆ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಸೋಪು ಹಚ್ಚಿ ಸ್ನಾನ. ಕೊಟ್ಟಿಗೆಗೆ ಕಾಡಿನ ತರಗೆಲೆ ತಂದು ಹಾಸುವುದನ್ನು ಈ ತಿಂಗಳುಗಳಲ್ಲಿ ಬಿಡುವುದು. ಇದು ಹೇಳಿದಷ್ಟು ಸುಲಭವಲ್ಲ, ಗೊಬ್ಬರಕ್ಕೆ ಅದೇ ಬೇಕು, ಆದ್ದರಿಂದ ಸಾಧ್ಯವಿದ್ದವರು ಮಳೆಗಾಲ ಮುಗಿಯುವ ಮುನ್ನವೇ ಸೊಪ್ಪು ಕಡಿದು ತಂದಿಟ್ಟುಕೊಳ್ಳಬಹುದು. ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಮೊದಲ ಕೆಲವು ದಿನಗಳೊಳಗೆ ರಕ್ತದ ಮಾದರಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋದರೆ ಆರ್‌ಟಿ-ಪಿಸಿಆರ್‌ನಲ್ಲಿ ಖಚಿತವಾಗುತ್ತದೆ.